ಮುಂದಿನ ಗಾಲಿಯ ಪಾಲು

ಬ್ರೇಕು ಒತ್ತುವ ಕಾಲು ಒಂದೇ. ಆ ಬಲದಲ್ಲಿ ಮುಂದಿನ ಗಾಲಿಗಳಿಗೆಷ್ಟು, ಹಿಂದಿನವಕ್ಕೆಷ್ಟು ಎಂದು ಕಣ್ಣು ಮಿಟುಕಿಸುವುದರೊಳಗೆ ಪಾಲು ಹಾಕುವ ವಿದ್ಯುನ್ಮಾನ ವಿದ್ಯೆಯನ್ನು ನಮ್ಮ ಕಾರ್ಖಾನೆಯ ಕಾರುಗಳಿಗೆ ಕಲಿಸಿದವರು, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ವಾರ ನಿವೃತ್ತರಾಗುತ್ತಿರುವ ಹಿರಿಯ ಪರೀಕ್ಷಕರು. ಕಡತಗಳಲ್ಲಿ ಅವರ ಹುದ್ದೆಗೆ ಉದ್ದನೆಯ ಹೆಸರಿದೆ. ಶೆಡ್ಡಿನಲ್ಲಿ ಮಾತ್ರ ಅವರು ಮರಳುಮೂಟೆ ಮೇಷ್ಟ್ರು.

ಅವರು ಕೆಲಸಕ್ಕೆ ಸೇರಿದಾಗ ಈ ಹಂಚಿಕೆ ಒಂದು ಕಬ್ಬಿಣದ ವಾಲ್ವಿನ ಪಾಲಾಗಿತ್ತು. ಕಾರು ತುಂಬಿರಲಿ, ಖಾಲಿಯಿರಲಿ, ಅದಕ್ಕೆ ಒಂದೇ ಹಟ. ಗಾಲಿಗಳ ವೇಗವನ್ನು ಅಳೆದು, ಹಿಂದಿನವು ಜಾರುವ ಮೊದಲೇ ಒತ್ತಡ ತಡೆಯುವ ಹೊಸ ವ್ಯವಸ್ಥೆ ಬಂದಾಗ, ಸೀಟುಗಳಲ್ಲಿ ಮರಳಿನ ಮೂಟೆ ಕೂರಿಸಿಕೊಂಡು ಒದ್ದೆ ರಸ್ತೆಯ ಮೇಲೆ ಸಾವಿರಾರು ಸಲ ಓಡಿಸಿ ನೋಡಿದವರು ಅವರೇ.

"ಏನ್ ಮೇಷ್ಟ್ರೇ, ಸಂಸಾರ ಸಮೇತ ಹೊರಟ್ರಾ?" ಎಂದು ಮೆಕ್ಯಾನಿಕ್ ಕಿಚಾಯಿಸಿದರೆ, "ಹೂಂನಪ್ಪ, ಇವ್ರು ಎದುರು ಮಾತಾಡಲ್ಲ" ಎನ್ನುವರು.

ಮೂರು ವರ್ಷದ ಹಿಂದಿನ ಮಾತು. ಅವರ ಕೈಕೆಳಗೆ, ಕೆಲಸ ಇನ್ನೂ ಕಾಯಂ ಆಗದ ಇಂಜಿನಿಯರ್ ಹುಡುಗಿಯೊಬ್ಬಳಿದ್ದಳು. ಹೊಸ ಕಾರು ಮಾರಾಟಕ್ಕೆ ಹೊರಡುವ ಹಿಂದಿನ ದಿನ, ಪರೀಕ್ಷೆಯ ಕಾರಿನಲ್ಲಿ ಛತ್ರಿ ಇಡಲು ಡಿಕ್ಕಿ ತೆಗೆದಳು. ಒಳಗೆ, ತುಂಬಿದ ಕಾರಿನ ಪರೀಕ್ಷೆಯಾದ ಮೇಲೆ ಇಳಿಸದೆ ಬಿಟ್ಟ ಎರಡು ಮೂಟೆ! ಖಾಲಿ ಕಾರಿನ ಪರೀಕ್ಷೆಯೆಂದು ಅವಳು ಬರೆದಿದ್ದೆಲ್ಲ ಆ ಭಾರ ಹೊತ್ತೇ ಆಗಿತ್ತು. ಒಬ್ಬನೇ ಓಡಿಸುವ ಹಗುರ ಕಾರಿನಲ್ಲಿ ಹಿಂಗಾಲಿ ತಿರುಗದೆ ಕಚ್ಚಿಕೊಂಡರೆ ಕಾರು ಬುಗುರಿ. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಜೀವ ಗಿಳಿಯಲ್ಲಿರುತ್ತದೆ. ಅವಳ ನೌಕರಿಯ ಜೀವ ಆ ಎರಡು ಮೂಟೆಗಳಲ್ಲಿತ್ತು.

"ಸರ್, ಖಾಲಿ ಅಂತ ಬರ್ದಿದ್ದೀನಿ. ಖಾಲಿ ಇರ್ಲಿಲ್ಲ."

ಮೇಷ್ಟ್ರು ಒಂದು ಲೋಟ ನೀರು ಕುಡಿದು, "ಬಾ" ಎಂದು ಎದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಸ್ವಭಾವದ ಮೇಲಧಿಕಾರಿ ಮೇಜು ಗುದ್ದಿದರು. "ನಾಳೆ ಗಾಡಿ ಹೊರಡ್ಬೇಕು! ಯಾರದ್ರೀ ತಪ್ಪು?"

"ಡಿಕ್ಕಿ ತೆಗೆದು ನೋಡದೆ ಸಹಿ ಹಾಕಿದ್ದು ನಾನು. ಕಂಡುಹಿಡಿದು ಹೇಳಿದ್ದು ಈಕೆ. ಗಾಡಿ ನಾಳೆ ಹೊರಡಲ್ಲ."

ಹೊರಗೆ ಬಂದ ಮೇಲೆ ಅವಳು ಕೇಳಿದಳು: "ನನ್ ತಪ್ಪು ನೀವ್ಯಾಕೆ ಹೊತ್ಕೊಂಡ್ರಿ ಸರ್?"

"ಬ್ರೇಕ್ ಹಾಕ್ದಾಗ ಭಾರ ಮುಂದಕ್ಕೆ ಬರುತ್ತಮ್ಮ. ಮುಂದಿರೋ ಗಾಲಿನೇ ಹೆಚ್ಚು ತಡ್ಕೋಬೇಕು, ಹಿಂದಿರೋದನ್ನ ಜಾರೋಕೆ ಬಿಡಬಾರ್ದು. ಪಾಠ ಮರೆತ್ಯಾ? ಹೋಗು, ಮೂಟೆ ಇಳ್ಸು."

ಎಂಟು ದಿನ ಮರುಪರೀಕ್ಷೆ ನಡೆಯಿತು. ಮೊದಲ ದಿನವೇ ಒದ್ದೆ ತಿರುವಿನಲ್ಲಿ ಕಾರು ಗಿರ್ರನೆ ತಿರುಗಿ ನಿಂತಿತು. ತಿದ್ದುಪಡಿಯಾದ ಮೇಲೆ ನೆಟ್ಟಗೆ ನಿಂತಿತು. ಹುಡುಗಿಯ ಕೆಲಸ ಕಾಯಂ ಆಯಿತು. ಮೇಷ್ಟ್ರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ.

ಮೇಷ್ಟ್ರ ಮುಂದಿನ ದಾರಿ ನೂರು ವರ್ಷದಾಚೆಗೂ ಚಾಚಿರಲಿ, ಬರೆಯಬೇಕೆಂದಿರುವ ಬ್ರೇಕಿನ ಪಠ್ಯ ಅವರ ಕೈಯಲ್ಲಿ ಬೇಗ ಮುಗಿಯಲಿ. ಸೋಮವಾರದಿಂದ ಅವರ ಸಹಿಯ ಜಾಗದಲ್ಲಿ ಆ ಹುಡುಗಿಯ ಸಹಿ ಬೀಳುತ್ತದೆ. ಡಿಕ್ಕಿ ತೆಗೆದು ನೋಡಿದ ಮೇಲೆಯೇ.