ಬೊಳ್ಳು ಹೇಳುತ್ತಿದ್ದದ್ದು

ತಂಗಿ ಹೇಳಿದ್ದನ್ನು ನಾನು ನಂಬಲಿಲ್ಲ. ಮಳೆಯಲ್ಲಿ ನೆಂದ ನಾಯಿಯೊಂದು ಅಂಗಡಿಯ ಮುಂದೆ ಮೈ ಕೊಡವಿದಾಗ ಬರುವ ಹಸಿ ವಾಸನೆಗೆ ಈಗಲೂ ನನ್ನ ಕೈಯ ಕೆಲಸ ನಿಂತುಹೋಗುತ್ತದೆ, ಮೊದಲು ನೆನಪಾಗುವುದು ಹಾಗೆ ನಂಬದೆ ಹೋದದ್ದೇ. ಆಮೇಲೆ ದೇರೆಬೈಲಿನ ನಮ್ಮ ಹಂಚಿನ ಮನೆ ನಿಧಾನವಾಗಿ ಎದ್ದು ಬರುತ್ತದೆ. ಕೆಂಪು ಸಿಮೆಂಟಿನ ತಣ್ಣನೆಯ ಜಗಲಿ, ಬಾವಿಯ ಪಕ್ಕದ ಒಗೆಯುವ ಕಲ್ಲು, ಒಲೆಯಿಂದ ಬರುವ ತೆಂಗಿನ ಗರಿಯ ಹೊಗೆ, ಮೆಟ್ಟಿಲಲ್ಲಿ ಮುಂಗಾಲ ಮೇಲೆ ಗದ್ದವಿಟ್ಟು ಮಲಗಿದ ಬಿಳಿ ನಾಯಿ ಬೊಳ್ಳು. ಆ ಜಾಗದಲ್ಲಿ ಈಗ ಫ್ಲ್ಯಾಟಿನವರ ಕಾರುಗಳು ನಿಲ್ಲುತ್ತವೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ನಾನು ಹೆಚ್ಚು ಓದಿದವನಲ್ಲ, ಹೇಳಲಾಗದೆ ಉಳಿದದ್ದನ್ನು ನಿಮ್ಮ ಮನೆಯನ್ನು ನೆನೆದು ತುಂಬಿಸಿಕೊಳ್ಳಿ.

ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟು ನಾನು ಟಯರ್ ಅಂಗಡಿ ಸೇರಿದ್ದೆ. ಸಂಜೆ ಬಂದು ಕೈಯ ಕರಿ ತೊಳೆದುಕೊಂಡು, ತಂಗಿ ಸುಮತಿಯನ್ನೂ ಬೊಳ್ಳುವನ್ನೂ ಕರೆದುಕೊಂಡು ಕೂಳೂರು ಹೊಳೆಯ ಕಡೆಗೆ ನಡೆಯುತ್ತಿದ್ದೆ. ಇಳಿಬಿಸಿಲಿನಲ್ಲಿ ಓಣಿಗಳೆಲ್ಲ ಜೇನಿನ ಬಣ್ಣದಲ್ಲಿ ತೇಲುತ್ತಿದ್ದವು. ಒಂದು ಮನೆಯಿಂದ ಮೀನು ಹುರಿಯುವ ಪರಿಮಳ, ಇನ್ನೊಂದರಿಂದ ಅಗರಬತ್ತಿ, ಮುಂದೆ ಹೋದಂತೆ ಹೊಳೆಯ ಕೆಸರಿನ ಉಪ್ಪುವಾಸನೆ. ನಮಗೆ ಇಷ್ಟೇ. ಬೊಳ್ಳುವಿಗೆ ಮಾತ್ರ ಪ್ರತಿ ಗೋಡೆಯಲ್ಲೂ ಒಂದು ಕತೆ. ಅದು ಮೂಸುವುದನ್ನು, ಬೊಗಳುವುದನ್ನು ಬಿಡಿಸಿ ಹೇಳುವುದು ಸುಮತಿಯ ಕೆಲಸ. ಬಾಲ ನೆಟ್ಟಗೆ ಮಾಡಿ ಎರಡು ಸಲ ಚುಟುಕಾಗಿ ಬೊಗಳಿದರೆ ಮುಂಗುಸಿ. ಮೂಗು ಎತ್ತಿ ಎಳೆದು ಊಳಿಟ್ಟರೆ ದೂರದಲ್ಲೆಲ್ಲೋ ಬೇರೆ ನಾಯಿ. ಗಂಟಲೊಳಗೇ ಗುರುಗುಟ್ಟಿದರೆ ಹಾವು ಹೋದ ಜಾಗ.

"ಇದು ಮುಂಗುಸಿ ಅಣ್ಣ. ಇವತ್ತಿನದ್ದಲ್ಲ, ನಿನ್ನೆಯದ್ದು."

"ನಿನ್ನೆಯದ್ದೂಂತ ನಿನಗೆ ಅದು ಪೇಪರ್ ಓದಿ ಹೇಳಿತಾ ಮಾರಾಯ್ತಿ?"

"ನಿನಗಿಂತ ಚೆಂದ ಓದ್ತದೆ ಅದು" ಎಂದು ನಕ್ಕು ಅವಳು ಮುಂದೆ ಓಡುತ್ತಿದ್ದಳು.

ಆದರೆ ಇನ್ನೊಂದು ಬೊಗಳು ಇತ್ತು. ಗೋಡೆಯನ್ನಾಗಲಿ ಪೊದೆಯನ್ನಾಗಲಿ ಮೂಸದೆ, ಮುಂದೆ ಹೋಗುತ್ತಿದ್ದ ಬೊಳ್ಳು ತಟ್ಟನೆ ಹಿಂದಕ್ಕೆ ಬಂದು ಸುಮತಿಯ ಅಂಗೈಗೆ ಮೂಗೊತ್ತುತ್ತಿತ್ತು. ಮತ್ತೆ ಅವಳ ಕಾಲಿಗೆ ಅಡ್ಡ ನಿಂತು, ಏನೋ ಸಿಕ್ಕಿಕೊಂಡ ಗಂಟಲಿನಿಂದ ಒಡೆದೊಡೆದು ಬೊಗಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಅವಳಿಗೆ ಫಿಟ್ಸ್ ಬರುತ್ತಿತ್ತು. ಗೇಟುಗಳಲ್ಲಿ ಜನ ಬಂದು ನಿಲ್ಲುತ್ತಿದ್ದರು. ನನಗೆ ತಂಗಿಗಿಂತ ಮೊದಲು ಆ ಜನ ಕಾಣುತ್ತಿದ್ದರು.

"ಅದಕ್ಕೆ ಕುಲೆ ಕಾಣ್ತದೆ" ಎಂದರು ಅಮ್ಮ. ಮದುವೆಯಾಗದೆ ತೀರಿಕೊಂಡವರು ಕುಲೆಯಾಗಿ ಮನೆಯವರ ಹಿಂದೆಯೇ ಸುತ್ತುತ್ತಾರೆ, ಅವರಿಗೂ ಮದುವೆ ಮಾಡಿಸಬೇಕು ಎಂಬುದು ನಮ್ಮವರಲ್ಲಿ ಉಂಟು. ಅಪ್ಪನ ತಂಗಿಯೊಬ್ಬಳು ಎಳೆಯದರಲ್ಲೇ ಹೋಗಿದ್ದಳು. ಅಂಥದೇ ಒಬ್ಬ ಸತ್ತ ಹುಡುಗನ ಮನೆಯವರನ್ನು ಹುಡುಕಿ, ಆಟಿ ತಿಂಗಳ ಜಡಿಮಳೆಯಲ್ಲಿ ಮದುವೆ ನಡೆಯಿತು. ಮಣೆಯ ಮೇಲೆ ಒಂದು ಸೀರೆ, ಪಕ್ಕದಲ್ಲಿ ಒಂದು ಪಂಚೆ, ಎದುರಿಗೆ ಬಾಳೆಲೆಯಲ್ಲಿ ಊಟ. ಕಾಣದ ಮದುಮಗಳಿಗೆ ಅಮ್ಮ ಮಲ್ಲಿಗೆ ಇಟ್ಟು ಕಣ್ಣೊರೆಸಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಬೊಳ್ಳು ಮತ್ತೆ ಹಾಗೆಯೇ ಬೊಗಳಿತು, ಸುಮತಿ ಮತ್ತೆ ಬಿದ್ದಳು. ಅತ್ತೆಯ ಕುಲೆ ಹೋದರೂ ಈ ನಾಯಿ ಬೇರೆ ಯಾರನ್ನೋ ಕರೆಯುತ್ತಿದೆ ಎಂದು ಅಮ್ಮ ಹೆದರಿದರು. ನಾನೂ ಹಾಗೆಯೇ ಅಂದುಕೊಂಡೆ.

ಸುಮತಿ ಜಗಲಿಯಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದ್ದಳು: "ಕುಲೆಯೂ ಇಲ್ಲ ಎಂತದೂ ಇಲ್ಲ ಅಣ್ಣ. ಆಗ ನನ್ನ ವಾಸನೆ ಬೇರೆ ಆಗ್ತದೆ ಕಾಣ್ತದೆ. ಅದು ಹೇಳಿದ ಕೂಡಲೇ ನಾನು ಕೆಳಗೆ ಕೂತುಕೊಳ್ತೇನೆ, ನೋಡಿದ್ದೀಯಲ್ಲ? ಪೆಟ್ಟಾಗುವುದಿಲ್ಲ."

ನೋಡಿದ್ದೆ. ಅವಳು ಕೂತುಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೆ. ಆದರೂ ಅವಳು ಶಾಲೆಗೆ ಹೋಗಿದ್ದ ಒಂದು ದಿನ ಬೊಳ್ಳುವನ್ನು ರಿಕ್ಷಾಕ್ಕೆ ಹತ್ತಿಸಿದೆ. ನೇತ್ರಾವತಿ ಸೇತುವೆಯ ಮೇಲೆ ಅದು ಮೂಗು ಹೊರಗೆ ಚಾಚಿ, ಕಣ್ಣು ಸಣ್ಣ ಮಾಡಿ ನದಿಯ ಗಾಳಿ ಕುಡಿಯಿತು. ತಿರುಗಾಟಕ್ಕೆ ಹೊರಟದ್ದು ಎಂದುಕೊಂಡಿತೋ ಏನೋ. ತೊಕ್ಕೊಟ್ಟಿನ ಮೀನು ಮಾರ್ಕೆಟಿನ ಹಿಂದೆ ಇಳಿಸಿ ಒಂದು ಬಂಗುಡೆ ಹಾಕಿದೆ. ಅದು ತಿನ್ನಲು ತಲೆ ತಗ್ಗಿಸಿದಾಗ ನಾನು ಬಂದುಬಿಟ್ಟೆ.

ಓಡಿ ಹೋಯಿತು ಎಂದೆ. ಸುಮತಿ ನಂಬಿದಳು. ಎಷ್ಟೋ ಸಂಜೆ ಗೇಟಿನಲ್ಲಿ ನಿಂತು ಕರೆದಳು. ಆ ಮಳೆಗಾಲ ಮುಗಿಯುವ ಮೊದಲೇ, ಮೊದಲೇ ಹೇಳುವವರಿಲ್ಲದೆ ಫಿಟ್ಸ್ ಬಂದು, ಒಗೆಯುವ ಕಲ್ಲಿನ ಮೇಲೆ ಬಿದ್ದು ಅವಳ ಹುಬ್ಬು ಸೀಳಿತು. ಮತ್ತೆ ಅಮ್ಮ ಅವಳೊಬ್ಬಳನ್ನೇ ಎಲ್ಲಿಗೂ ಬಿಡಲಿಲ್ಲ. ಮೊದಲು ನಮ್ಮ ತಿರುಗಾಟ ನಿಂತಿತು, ಆಮೇಲೆ ಅವಳ ಶಾಲೆ. ಮೂಗು ಒತ್ತಿ ಎಚ್ಚರಿಸುವವರಿಲ್ಲದೆ ಅವಳು ಕಿಟಕಿಯ ಪಕ್ಕದಲ್ಲೇ ದೊಡ್ಡವಳಾದಳು.

ಅಮ್ಮ ತೀರಿಕೊಂಡ ಮೇಲೆ ಸುಮತಿ ನನ್ನ ಜೊತೆಗೇ ಇದ್ದಾಳೆ. ಕಳೆದ ವರ್ಷ ಹೊಸ ಡಾಕ್ಟರರೊಬ್ಬರು ಅವಳನ್ನು ಕೇಳಿದರು: "ಫಿಟ್ಸ್ ಬರುವ ಮೊದಲು ನಿಮಗೆ ಏನಾದರೂ ಗೊತ್ತಾಗ್ತದಾ?"

"ಮೊದಲು ಗೊತ್ತಾಗ್ತಿತ್ತು ಡಾಕ್ಟ್ರೇ. ಈಗ ಇಲ್ಲ."

"ಮೊದಲು ಹೇಗೆ?"

"ನಮ್ಮಲ್ಲಿ ಒಂದು ನಾಯಿ ಇತ್ತು. ಓಡಿ ಹೋಯ್ತು."

ಡಾಕ್ಟರು ನಗಲಿಲ್ಲ. ಕೆಲವು ನಾಯಿಗಳಿಗೆ ಅದು ಮೊದಲೇ ತಿಳಿಯುತ್ತದಂತೆ ಎಂದು ಹೇಳಿ, ಅವಳಿಗೊಂದು ಇಂಜೆಕ್ಷನ್ ಕೊಟ್ಟು ಚೀಟಿ ಬರೆದರು. ಅವಳ ಚಪ್ಪಲಿ ಸರಿಪಡಿಸುವ ನೆಪದಲ್ಲಿ ನಾನು ಬಗ್ಗಿದೆ.

ಹೊರಗೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತೆವು. ಸಂಜೆಯ ಬಿಸಿಲು ಅವಳ ಹುಬ್ಬಿನ ಗಾಯದ ಮೇಲೆ ಬಿದ್ದಿತ್ತು.

"ಎಂತ ಅಣ್ಣ, ಇಂಜೆಕ್ಷನ್ ನನಗಲ್ವಾ ಕೊಟ್ಟದ್ದು? ನಿನ್ನ ಮುಖ ಯಾಕೆ ಹೀಗೆ?"

ಬಸ್ಸು ಬಂತು, ಹೋಯಿತು. ನಾವು ಏಳಲಿಲ್ಲ.

"ಅದು ಓಡಿ ಹೋದದ್ದಲ್ಲ ಸುಮತಿ" ಎಂದೆ. "ನಾನೇ ತೊಕ್ಕೊಟ್ಟಿನಲ್ಲಿ ಬಿಟ್ಟು ಬಂದದ್ದು. ನೀನು ಹೇಳಿದ್ದು ಸರಿ ಇತ್ತು, ನನಗೆ ಗೊತ್ತಿತ್ತು. ಜನ ನೋಡ್ತಾರೆ ಅಂತ ನಾಚಿಕೆಯಾಗಿ ಹಾಗೆ ಮಾಡಿದೆ. ನನ್ನದು ತಪ್ಪಾಯ್ತು, ತಂಗಿ."