ಬಳೆಗಾರ ಅಳೆದ ಗಾಲಿ

ನಾನು ಗೋಕಾಕದ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುತ್ತ ತಲೆಗೂದಲು ಕಳೆದುಕೊಂಡವನು. ವ್ಯಾಸವೆಂದರೇನು, ಪರಿಘವೆಂದರೇನು ಎಂದು ಎಷ್ಟೋ ಮಂದಿಗೆ ಕಿವಿ ಹಿಂಡಿ ಹೇಳಿಕೊಟ್ಟಿದ್ದೇನೆ. ಅಂಥ ನನಗೇ ಒಂದು ಗಾಲಿಯನ್ನು ಎಲ್ಲಿಂದ ಅಳೆಯಬೇಕೆಂದು ಗೊತ್ತಿರಲಿಲ್ಲ. ಇದನ್ನು ನಿಮ್ಮ ಮುಂದಷ್ಟೇ ಒಪ್ಪಿಕೊಳ್ಳುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಸಿಕ್ಕರೆ ದಯವಿಟ್ಟು ಬಾಯಿ ಬಿಡಬೇಡಿ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ಕಂತ್ರಾಟದಾರನಾಗಿದ್ದ ನನ್ನ ಸೋದರಮಾವ ಹೊಸದೊಂದು ಉದ್ದನೆಯ ಕಾರು ಕೊಂಡು, ತನ್ನ ಹಳೆಯ ವಿಲಾಯತಿ ಕಾರನ್ನು ನನ್ನ ತಲೆಗೆ ಕಟ್ಟಿದ. ಅದು ಎಷ್ಟು ಕುಳ್ಳಗಿತ್ತೆಂದರೆ, ಎಮ್ಮೆಗಳು ಅದರ ಮಾಡಿನ ಮೇಲಿಂದ ಆಚೆ ಬದಿಯ ಎಮ್ಮೆಗಳನ್ನು ನೋಡುತ್ತಿದ್ದವು. ಗಾಲಿಗಳಂತೂ ಆಟಿಕೆಯವು. ಓಣಿಯವರೆಲ್ಲ ನಕ್ಕರು. ನಗದವಳು ನಮ್ಮ ಅವ್ವ ಒಬ್ಬಳೇ.

ಅವ್ವನಿಗೆ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಏರಲಾರಳು, ಚಕ್ಕಡಿ ಹತ್ತಲಾರಳು. ನಾಲ್ಕು ಮಂದಿ ಎತ್ತಿ ಕೂರಿಸುತ್ತೇವೆಂದರೆ, "ನಾ ಏನ್ ಜ್ವಾಳದ ಚೀಲೇನೋ?" ಎಂದು ಸಿಟ್ಟಾಗುತ್ತಿದ್ದಳು. ಈ ಕಾರಿನ ಬಾಗಿಲು ತೆರೆದಾಗ ಮಾತ್ರ ಯಾರ ಕೈಯನ್ನೂ ಹಿಡಿಯದೆ ತಾನೇ ಒಳಗೆ ಹೋಗಿ ಕೂತುಬಿಟ್ಟಳು.

"ಊಟದ ಮಣಿ ಮ್ಯಾಲೆ ಕುಂತಂಗ ಆತ ನೋಡಪಾ. ಏರೂದು ಇಲ್ಲ, ಇಳಿಯೂದು ಇಲ್ಲ" ಎಂದಳು. ಆಮೇಲೆ ಸೀಟನ್ನು ಕೈಯಿಂದ ಸವರುತ್ತ, "ಯಮಕನಮರಡಿಗೆ ಹೋಗತೈತೇನು ಇದು?" ಎಂದು ಕೇಳಿದಳು.

ಯಮಕನಮರಡಿಯಲ್ಲಿ ಅವಳ ತಂಗಿ ಇದ್ದಳು. ನಮ್ಮ ಚಿಗವ್ವ. ಅವಳ ಮೊಣಕಾಲೂ ಅಷ್ಟೇ. ಅಕ್ಕ ತಂಗಿ ಮುಖ ನೋಡಿಕೊಂಡು ಐದು ವರ್ಷವಾಗಿತ್ತು. ಆ ಕಡೆಯಿಂದ ಬಂದವರ ಕೈಯಲ್ಲಿ ಹಪ್ಪಳ ಬರುತ್ತಿದ್ದವು, ಈ ಕಡೆಯಿಂದ ಹೋದವರ ಕೈಯಲ್ಲಿ ಕರದಂಟು ಹೋಗುತ್ತಿತ್ತು. ಕಳೆದ ಸಲ ಹಪ್ಪಳದ ಜೊತೆ ಒಂದು ಮಾತೂ ಬಂದಿತ್ತು: "ಕಣ್ಣು ಮಂಜಾಗಾಕತ್ತಾವು. ಮಾರಿ ಕಾಣೂದು ನಿಲ್ಲೂದರೊಳಗ ಒಮ್ಮೆ ಬಂದು ಹೋಗಂತ ಅಕ್ಕಗ ಹೇಳ್ರಿ."

"ಬರೂ ಐತವಾರನ ಹೋಗೂಣು" ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಆಮೇಲೆ ಬಗ್ಗಿ ಟೈರು ನೋಡಿದೆ. ನಾಲ್ಕೂ ನನ್ನ ತಲೆಯಂತೆ ನುಣ್ಣಗಿದ್ದವು. ಎರಡರಲ್ಲಿ ಒಳಗಿನ ನೂಲು ಹೊರಗೆ ಇಣುಕುತ್ತಿತ್ತು.

ಇಲ್ಲಿ ಸ್ವಲ್ಪ ಪಾಂಡಿತ್ಯ ಸಹಿಸಿಕೊಳ್ಳಿ. ಯಾರ ರಥದ ಚಕ್ರ ಎಲ್ಲಿಯೂ ತಡೆಯಿಲ್ಲದೆ ಉರುಳುತ್ತದೋ ಅವನೇ ಚಕ್ರವರ್ತಿ ಎಂದು ನಮ್ಮ ಸಂಸ್ಕೃತ ಪಂಡಿತರು ಹೇಳುತ್ತಿದ್ದರು. ನಾಲ್ಕು ಚಕ್ರಗಳಿದ್ದೂ ಅಂಗಳ ದಾಟಲಾಗದವನಿಗೆ ಏನೆನ್ನಬೇಕು ಎಂದು ಕೇಳಿದೆ. ಅದಕ್ಕೆ ಪಂಡಿತರು, "ಮಾಸ್ತರು ಅನ್ನಬೇಕು" ಎಂದರು.

ಬೆಳಗಾವಿಯ ಒಂದು ಅಂಗಡಿಗೆ ಕಾಗದ ಬರೆದೆ. ಟೈರಿನ ಮೇಲೆ ಬರೆದಿದ್ದ ಅಂಕಿಗಳು ರಬ್ಬರಿನ ಜೊತೆಗೇ ಸವೆದುಹೋಗಿದ್ದವು. ಗಣಿತದ ಮಾಸ್ತರನಿಗೆ ಅಂಕಿ ಯಾಕೆ ಬೇಕು? ಟೈರಿನ ಸುತ್ತ ಒಂದು ದಾರ ಸುತ್ತಿ, ಕತ್ತರಿಸಿ, ಕಾಗದದೊಳಗಿಟ್ಟು ಕಳಿಸಿದೆ. ಟೈರು ಬಂತು. ಹೊರಸುತ್ತು ದಾರಕ್ಕೆ ಕರಾರುವಾಕ್ಕಾಗಿ ಸರಿಹೊಂದಿತು. ಗಾಲಿಗೆ ಮಾತ್ರ ಏರಲಿಲ್ಲ. ಮೆಕ್ಯಾನಿಕ್ ದಸ್ತಗೀರಸಾಬ ಅರ್ಧ ದಿನ ಬೆವರು ಸುರಿಸಿ ಕೈಚೆಲ್ಲಿದ.

"ಮಾಸ್ತರ್ರ, ಈ ಅಳತಿದು ಈಗ ಎಲ್ಲೂ ಸಿಗೂದಿಲ್ರಿ. ಗಾಲಿನ ಬದಲಿ ಮಾಡೂಣು. ದೊಡ್ಡು ಹಾಕಿದ್ರ ಗಾಡಿಗೂ ಒಂದು ಮರ್ಯಾದಿ ಬರತೈತಿ" ಎಂದ.

ಮರ್ಯಾದೆಯ ಮಾತು ಬಂದರೆ ನಾನು ಬೇಗ ಸೋಲುತ್ತೇನೆ. ಅವನು ಬೇರೆ ಯಾವುದೋ ಗಾಡಿಯ ನಾಲ್ಕು ಗಾಲಿ ತಂದು, ಸ್ಪ್ರಿಂಗಿನ ಮೇಲೆ ಕಟ್ಟಿಗೆಯ ತುಂಡು ಕೊಟ್ಟು, ಕಾರಿನ ಮೈಯನ್ನೇ ಮೇಲೆತ್ತಿ ಕೂರಿಸಿದ. ಓಣಿಯಲ್ಲಿ ಒಬ್ಬರೂ ನಗಲಿಲ್ಲ. ನಾನು ಹಾರ್ನ್ ಬಾರಿಸುತ್ತ ಬಾಗಿಲಿಗೆ ತಂದು ನಿಲ್ಲಿಸಿದೆ. ಅವ್ವ ಇಳಕಲ್ ಸೀರೆ ಉಟ್ಟು, ಕರದಂಟಿನ ಪೊಟ್ಟಣ ಹಿಡಿದು ಹೊರಗೆ ಬಂದಳು. ಒಂದು ಕಾಲು ಎತ್ತಿದಳು. ಗೇಣಿನಷ್ಟು ಸಾಲದಾಯಿತು. ಇನ್ನೊಮ್ಮೆ ಎತ್ತಿದಳು. ಆಮೇಲೆ ಕಾಲನ್ನು ಮೆಲ್ಲಗೆ ಕೆಳಗಿಟ್ಟು, "ಇದೂ ಬಸ್ ಆತಲ್ಲೋ ತಮ್ಮಾ" ಎಂದು ಒಳಗೆ ಹೋದಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅವಳು ಸೀರೆ ಬದಲಿಸಿ ಅಕ್ಕಿ ಆರಿಸುತ್ತ ಕೂತಳು. ಆ ದಿನ ನನಗೆ ಊಟ ಸೇರಲಿಲ್ಲ.

ಮರುದಿನ ನನ್ನ ಹೆಂಡತಿಗೆ ಬಳೆ ಇಡಲು ಬಳೆಗಾರ ಗುರಸಿದ್ದಪ್ಪ ಬಂದಿದ್ದ. ಕಟ್ಟೆಗೆ ಆನಿಸಿಟ್ಟಿದ್ದ ಸಣ್ಣ ಗಾಲಿಗಳ ಸುತ್ತ ನಾನು ಮತ್ತೆ ದಾರ ಹಿಡಿದು ಕೂತಿದ್ದೆ. ಅವನು ಬಳೆ ಇಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದ.

"ಮಾಸ್ತರ್ರ, ಹೊರಗಿಂದ ಯಾಕ ಅಳೀತೀರಿ? ಬಳಿ ಎಷ್ಟ ದಪ್ಪ ಇದ್ರೇನು, ಕೈ ಹೋಗೂದು ಒಳಗಿಂದ ಅಲ್ಲೇನ್ರಿ?"

ನನ್ನ ವ್ಯಾಸ, ಪರಿಘ ಎಲ್ಲ ಅಂಗಳದ ಪಾಲಾದವು. ಗುರಸಿದ್ದಪ್ಪ ಹಳೆಯ ಟೈರು ಕಳಚಿಸಿ, ಬರಿಯ ಗಾಲಿಯ ಅಂಚಿಗೆ ಬಿದಿರಿನ ಸೀಳು ಬಗ್ಗಿಸಿ ಒಂದು ಬಳೆ ಮಾಡಿದ. ಅದಕ್ಕೆ ಹೊಂದುವ ಗಾಲಿ ಎಲ್ಲಾದರೂ ಸಿಕ್ಕೀತೆಂದು ಅದನ್ನು ತನ್ನ ಬಳೆಯ ಮಲಾರದ ಜೊತೆ ಹೆಗಲಿಗೆ ಹಾಕಿಕೊಂಡು ಸಂತೆ ತಿರುಗಲು ಹೊರಟ. ಮೂಡಲಗಿಯ ಸಂತೆಯಲ್ಲಿ ಹೆಂಗಸರು, "ಇಷ್ಟ ದೊಡ್ಡ ಬಳಿ ಯಾರಿಗಪಾ?" ಎಂದು ಕೇಳಿದರಂತೆ. "ಗೋಕಾಕ ಮಾಸ್ತರ ಕಾರು ಬಸರೈತ್ರಿ, ಕುಬಸಕ್ಕ ಒಯ್ಯಾಕತ್ತೇನಿ" ಎಂದನಂತೆ ಈ ಪುಣ್ಯಾತ್ಮ. ಈಗಲೂ ಮೂಡಲಗಿಗೆ ಹೋದರೆ ಹೆರಿಗೆಯ ಕುಶಲ ವಿಚಾರಿಸುವವರಿದ್ದಾರೆ.

ಬಳೆ ಸರಿಹೊಂದಿದ್ದು ಹುಕ್ಕೇರಿಯಲ್ಲಿ. ಅಲ್ಲಿ ಬೆಲ್ಲದ ವ್ಯಾಪಾರಿ ಭರಮಣ್ಣನವರ ಕೈಗಾಡಿ ಇಂಥದೇ ಒಂದು ಸತ್ತ ಕಾರಿನ ನಾಲ್ಕು ಗಾಲಿಗಳ ಮೇಲೆ ನಿಂತಿತ್ತು. ಅಂಗಡಿಯಿಂದ ಲಾರಿಯವರೆಗೆ ಹೋಗಿ ಬರುವುದಷ್ಟೇ ಅದರ ಪ್ರವಾಸವಾದ್ದರಿಂದ ಟೈರು ಸವೆದಿರಲಿಲ್ಲ. ನಾನು ದೊಡ್ಡ ಗಾಲಿಯ ಕಾರಿನಲ್ಲಿ ಹೋಗಿ, ಅವ್ವನ ಮೊಣಕಾಲಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ನನ್ನ ಕಾರನ್ನೂ ತಮ್ಮ ಗಾಡಿಯನ್ನೂ ನೋಡಿ ನಕ್ಕರು.

"ಗಾಡಿ ತಗ್ಗ ಐತಿ, ಬೆನ್ನ ಬಗ್ಗಿ ಬಗ್ಗಿ ಸಾಕಾತು ಅಂತ ಹಮಾಲರು ದಿನಾ ಬೈತಾರ್ರಿ. ನಿಮ್ಮ ದೊಡ್ಡು ನನಗ ಇರಲಿ, ನನ್ನ ಸಣ್ಣು ನೀವು ಒಯ್ರಿ. ಖರೆ ಹೇಳಬೇಕಂದ್ರ ಇಬ್ಬರ ಗಾಲಿನೂ ಮೊದಲ ಅದಲಿಬದಲಿ ಆಗಿದ್ದುವು."

ಊರಿಗೆ ಬಂದ ಮೇಲೆ ದಸ್ತಗೀರಸಾಬ ಸ್ಪ್ರಿಂಗಿನ ಮೇಲಿನ ಕಟ್ಟಿಗೆಯನ್ನೂ ತೆಗೆದ. ಮುಂದಿನ ಐತವಾರ ಅವ್ವ ತಾನೇ ಬಾಗಿಲು ತೆರೆದು, ತಾನೇ ಕೂತಳು. ವರ್ಷಗಟ್ಟಲೆ ಬೆಲ್ಲ ಕುಡಿದ ಗಾಲಿಗಳಾದ್ದರಿಂದ ಯಮಕನಮರಡಿ ಮುಟ್ಟಿ ನಿಲ್ಲಿಸಿದ ಗಳಿಗೆಯೊಳಗೆ ಊರಿನ ಇರುವೆಗಳೆಲ್ಲ ಸ್ವಾಗತಕ್ಕೆ ಬಂದವು. ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವ್ವ ಇಳಿದು ಹೋಗಿ ಅವಳ ಮುಂದೆ ಕೂತಳು. ಚಿಗವ್ವ ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ತಿರುಗಿಸಿ ನೋಡಿದಳು. ನಾನು ಕಾರಿನ ಕಡೆ ಕೈ ತೋರಿಸಿ, "ಚಿಗವ್ವಾ, ನನ್ನ ಕಾರ್ ನೋಡಿದೇನು?" ಎಂದೆ.

"ಅಷ್ಟ ದೂರ ಕಾಣೂದಿಲ್ಲಪಾ" ಎಂದಳು, ಅಕ್ಕನ ಮುಖದಿಂದ ಕಣ್ಣು ತೆಗೆಯದೆ. "ಅಕ್ಕ ಕಾಣಾಕತ್ತಾಳ."

ಇಂದಿಗೂ ಓಣಿಯಲ್ಲಿ ಯಾರಾದರೂ ನನ್ನ ಕಾರನ್ನು ನೋಡಿ, "ಭಾಳ ಸಣ್ಣದೈತಿ ಬಿಡ್ರಿ ಮಾಸ್ತರ್ರ" ಎಂದು ನಗುವುದುಂಟು. ನಾನು ಬಾಗಿಲು ತೆರೆದು, ಒಳಗಿಂದ ಅಳೆಯಿರಿ ಎನ್ನುತ್ತೇನೆ.