ಮಿಲೇವಾಳ ಹೊಸ ಕಂಬಳಿ

ಲೆಸ್ಕೊವಾತ್ಸ್ ಊರಿನ ಅಂಚೆ ಗುಮಾಸ್ತೆ ಮಿಲೇವಾಗೆ ಪ್ರತಿ ಶರತ್ಕಾಲದಲ್ಲೂ ಕವಯಿತ್ರಿಯಾಗುವ ಕಾಯಿಲೆ ಮರುಕಳಿಸುತ್ತಿತ್ತು. ಈ ಸಲವಂತೂ ಸಿದ್ಧತೆ ಜೋರು: ದಾಲ್ಚಿನ್ನಿ ಪರಿಮಳದ ಮೇಣದಬತ್ತಿ, ಇಟ್ಟಿಗೆ ಗಾತ್ರದ ಕಾದಂಬರಿ, ಹೊದ್ದು ಕೂರಲು ಹೊಸ ಉಣ್ಣೆ ಕಂಬಳಿ. ಸ್ಫೂರ್ತಿ ಬರುವುದೊಂದೇ ಬಾಕಿ.

ಬಂದದ್ದು ಹೊಗೆ. ಅಂಗಳದಲ್ಲಿ ಅತ್ತೆ ಸ್ಟೊಯಾಂಕಾ ಮೂಟೆಗಟ್ಟಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಚಳಿಗಾಲಕ್ಕೆ ಐವಾರ್ ಚಟ್ನಿ ಆಗಬೇಕಲ್ಲ.

"ಏನೇ, ಅಲ್ಲಿ ಕೂತ್ಕೊಂಡು ಏನ್ ಮಾಡ್ತಿದ್ದೀಯ?"

"ಎಲೆ ಉದುರೋದನ್ನ ನೋಡ್ತಿದ್ದೀನಿ ಅತ್ತೆ."

"ನೀನು ನೋಡ್ದಿದ್ರೂ ಅವು ಉದುರ್ತವೆ. ಮೆಣಸಿನಕಾಯಿ ಸಿಪ್ಪೆ ಮಾತ್ರ ತಾನಾಗೇ ಉದುರಲ್ಲ, ಬಾ."

ಸಂಜೆಯವರೆಗೆ ಮಿಲೇವಾ ಸಿಪ್ಪೆ ಸುಲಿದಳು, ಚಟ್ನಿ ತಿರುವಿದಳು. ಬಿಸಿಬಿಸಿ ಚಟ್ನಿ ತುಂಬಿದ ಜಾಡಿಗಳು ಬೆಳಗಿನವರೆಗೆ ಬೆಚ್ಚಗಿದ್ದು ನಿಧಾನವಾಗಿ ಆರಬೇಕು. ಅತ್ತೆ ಒಳಗಿಂದ ಹೊಸ ಕಂಬಳಿ ತಂದು ಅವಕ್ಕೆ ಹೊದಿಸಿ, ಅದು ಜಾರದಂತೆ ಮೇಲೆ ಕಾದಂಬರಿ ಹೇರಿದಳು.

"ಒಳ್ಳೇ ಪುಸ್ತಕ ಕಣೇ, ಏನ್ ತೂಕ ಇದೆ!" ಎಂದು ಮನಸಾರೆ ಮೆಚ್ಚಿದಳು.

ಮಿಲೇವಾ ಕೊನೆಗೂ ಪೆನ್ನು ಹಿಡಿದಳು. ಜಾಡಿಗೆ ಅಂಟಿಸುವ ಚೀಟಿಗಳ ಮೇಲೆ ಆ ಶರತ್ಕಾಲದ ತನ್ನ ಸಮಗ್ರ ಸಾಹಿತ್ಯವನ್ನು ಬರೆದು ಮುಗಿಸಿದಳು: 'ಖಾರ', 'ಖಾರ', 'ಸಪ್ಪೆ'.